ನಮ್ಮ ಪಿಕಪ್ ಗಾಡಿಗಳಿಗೆ ಹಿಡಿಯುವ ತುಕ್ಕು

(ಸಂಘದ ರಜತ ಮಹೋತ್ಸವದ ಅಂಗವಾಗಿ, ವಾಹನ ಸಾಲ ಪಡೆದ ಸದಸ್ಯರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೇದಿಕೆಯಲ್ಲಿ ನಿಂತು ಮಾತಾಡಿ ನಮಗೆ ಅಭ್ಯಾಸ ಇಲ್ಲ. ನಾವು ಅಣ್ಣ ತಮ್ಮ ಇಬ್ಬರೂ ಗ್ಯಾರೇಜಿನವರು, ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು. ಊರಿನವರಿಗೆ ನಮ್ಮ ಮಾತಿಗಿಂತ ಸುತ್ತಿಗೆಯ ಸದ್ದೇ ಹೆಚ್ಚು ಪರಿಚಯ. ಈಗ ಮೈಕಿನ ಮುಂದೆ ನಿಂತಿರುವುದು ತಮ್ಮನಾದರೂ ಕಾಗದದಲ್ಲಿ ಬರೆದದ್ದು ಇಬ್ಬರೂ ಕೂತು. ಹಾಗಾಗಿ 'ನಾವು' ಎಂದೇ ಹೇಳುತ್ತೇವೆ, ತಪ್ಪು ತಿಳಿಯಬೇಡಿ.

ಕಾರ್ಯದರ್ಶಿಗಳು ಬಂದು "ಅಡಿಕೆ ರೋಗದ ಬಗ್ಗೆ, ದನಗಳ ಬಗ್ಗೆ ಮಾತಾಡುವವರು ಸಿಕ್ಕಿದ್ದಾರೆ, ಗಾಡಿಯ ಬಗ್ಗೆ ನೀವು ಅರ್ಧ ಗಂಟೆ ಹೇಳಿ" ಎಂದಾಗ ಮೊದಲು ಬೇಡ ಎಂದೆವು. ಆಮೇಲೆ ಒಪ್ಪಿದೆವು. ಒಪ್ಪಿದ್ದಕ್ಕೆ ಒಂದು ಕಾರಣ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಸದಸ್ಯರೊಬ್ಬರು ಹೊರಗಿನ ಊರಿನಲ್ಲಿ ಒಂದು ಹಳೆಯ ಪಿಕಪ್ ನೋಡಿ ಬಂದು ಸಾಲಕ್ಕೆ ಅರ್ಜಿ ಹಾಕಿದರು. ಗಾಡಿ ಒಮ್ಮೆ ನೋಡಿ ಬನ್ನಿ ಎಂದು ಸಂಘದಿಂದ ನಮಗೆ ಹೇಳಿ ಕಳಿಸಿದರು. ಜುಲೈ ತಿಂಗಳು, ಬಿಡದ ಮಳೆ. ಗಾಡಿ ನಿಲ್ಲಿಸಿದ್ದ ಅಂಗಳದಲ್ಲಿ ಪಾದ ಮುಳುಗುವ ಕೆಸರು. ನಾವು ಎಂಜಿನ್ ಸ್ಟಾರ್ಟ್ ಮಾಡಿ ಹೊಗೆ ನೋಡಿದೆವು, ಗೇರು ಹಾಕಿ ನೋಡಿದೆವು, ಟಯರು ನೋಡಿದೆವು. ಪೇಂಟು ಹೊಸದು, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅಡಿಯಲ್ಲಿ ಮಲಗಿ ನೋಡಲಿಲ್ಲ. ಯಾಕೆ ಎಂದರೆ ಬಟ್ಟೆ ಕೆಸರಾಗುತ್ತದೆ. ಅಷ್ಟೇ ಕಾರಣ. "ಗಾಡಿ ಅಡ್ಡಿಯಿಲ್ಲ" ಎಂದು ಬರೆದುಕೊಟ್ಟೆವು.

ನವೆಂಬರಿನಲ್ಲಿ ಕೆಂಪುಕಲ್ಲು ಹೇರಿಕೊಂಡು ಏರು ಹತ್ತುವಾಗ ಹಿಂದಿನ ಸ್ಪ್ರಿಂಗ್ ಪ್ಲೇಟನ್ನು ಹಿಡಿದಿರುವ ಬ್ರಾಕೆಟ್ಟು ಚಾಸಿಸ್ಸಿನ ಕಬ್ಬಿಣದ ಸಮೇತ ಹರಿದು ಬಂತು. ಗಾಡಿ ಒಂದು ಬದಿಗೆ ಕುಸಿದು ತೋಡಿಗೆ ವಾಲಿತು. ಹಿಂದೆ ಕಲ್ಲಿನ ಮೇಲೆ ಕೂತಿದ್ದ ಹುಡುಗನ ಕೈ ಎರಡು ಕಡೆ ಮುರಿಯಿತು. ಜೀವ ಉಳಿದದ್ದು ಅವನ ಅದೃಷ್ಟ, ನಮ್ಮದೂ ಹೌದು. ಗಾಡಿ ಎಳೆದು ತಂದು ನೋಡಿದರೆ ಬ್ರಾಕೆಟ್ಟಿನ ಸುತ್ತ ಕಬ್ಬಿಣ ಎಂಬುದು ಪದರ ಪದರವಾಗಿ ಏಳುತ್ತಿತ್ತು, ಬೆರಳಲ್ಲಿ ಕಿತ್ತರೆ ಕೈಗೆ ಬರುತ್ತಿತ್ತು. ಅದರ ಮೇಲೆ ದಪ್ಪಗೆ ಕಪ್ಪು ಬಣ್ಣ ಹೊಡೆದಿದ್ದರು. ಮಲಗಿ ಒಂದು ಸ್ಕ್ರೂಡ್ರೈವರ್ ಚುಚ್ಚಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಸಾಲದ 36 ಕಂತಿನಲ್ಲಿ ಆಗ ಕಟ್ಟಿ ಆದದ್ದು ಮೂರು. ಉಳಿದ 33 ಕಂತನ್ನು ಆ ಸದಸ್ಯರು ಬೇರೆಯವರ ಬೋಟಿಗೆ ಹೋಗಿ ದುಡಿದು ತೀರಿಸಿದರು. ಸಂಘಕ್ಕೆ ಒಂದು ರೂಪಾಯಿ ಬಾಕಿ ಇಟ್ಟಿಲ್ಲ. ಅವರು ಇವತ್ತು ಇಲ್ಲೇ ಕೂತಿದ್ದಾರೆ. ಇದನ್ನು ಸಭೆಯಲ್ಲಿ ಹೇಳಬಹುದಾ ಎಂದು ಕೇಳಿದೆವು. "ಹೇಳಿ, ಹೆಸರು ಮಾತ್ರ ಬೇಡ" ಎಂದರು.

ಆ ದಿನದಿಂದ ನಾವು ಗಾಡಿ ನೋಡುವ ಕ್ರಮವೇ ಬೇರೆ. ಮೇಲಿನ ಹೊಳಪು ಕೊನೆಗೆ, ಅಡಿ ಮೊದಲು. ಇವತ್ತು ನಿಮಗೆ ಹೇಳಬೇಕಾದದ್ದೂ ಅದೇ ಅಡಿಯ ಸಂಗತಿ. ನಮ್ಮ ಸದಸ್ಯರಲ್ಲಿ ಮೀನು ಸಾಗಿಸುವವರು ಇದ್ದೀರಿ, ಗೊಬ್ಬರ, ತೆಂಗಿನಕಾಯಿ, ಕಲ್ಲು, ಹೊಯಿಗೆ ಸಾಗಿಸುವವರು ಇದ್ದೀರಿ. ಗಾಡಿಯೇ ಸಾಲಕ್ಕೆ ಆಧಾರ. ಕಂತು ಐದು ವರ್ಷದ್ದು, ಗಾಡಿಯ ಅಡಿ ನಾಲ್ಕನೆಯ ವರ್ಷಕ್ಕೇ ಹೋದರೆ ಉಳಿದ ಕಂತು ಕಟ್ಟುವುದು ಯಾವ ಗಾಡಿಗೆ?

ತುಕ್ಕು ಎಂದರೆ ಎಂತದು ಎಂದು ಸ್ವಲ್ಪ ಹೇಳುತ್ತೇವೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ಒಟ್ಟಿಗೆ ತಾಗಿದರೆ ತುಕ್ಕು ಬರುತ್ತದೆ. ಅದರ ಒಳಗೆ ನಡೆಯುವುದು ಬ್ಯಾಟರಿಯಲ್ಲಿ ನಡೆಯುವಂಥದ್ದೇ ಕೆಲಸ: ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆಗೆ ವಿದ್ಯುತ್ತು ಹರಿಯುತ್ತದೆ. ನೀರಿನಲ್ಲಿ ಉಪ್ಪು ಇದ್ದರೆ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕೆಲಸ ಬೇಗ ಆಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಉಂಟು. ಮಲ್ಪೆಯಿಂದಲೋ ಗಂಗೊಳ್ಳಿಯಿಂದಲೋ ಬೂತಾಯಿ, ಬಂಗುಡೆ ತುಂಬಿಕೊಂಡು ಹೊರಟ ಗಾಡಿಯಲ್ಲಿ ಐಸು ಕರಗಿ, ಉಪ್ಪುನೀರಿನ ಜೊತೆ ಸೇರಿ, ಬಾಡಿಯ ಸಂದುಗಳಲ್ಲಿ ಇಳಿದು ಚಾಸಿಸ್ಸಿನ ಮೇಲೆ ಬೀಳುತ್ತದೆ. ಇಳಿದ ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ.

ಉಳಿದ ಉಪ್ಪು ಸುಮ್ಮನೆ ಕೂರುವುದಿಲ್ಲ. ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ತಾನಾಗಿ ಒದ್ದೆಯಾಗುವುದನ್ನು ನೋಡಿದ್ದೀರಲ್ಲ, ಯಾರೂ ನೀರು ಹಾಕಿದ್ದಲ್ಲ. ಗಾಳಿಯ ತೇವ ಶೇಕಡಾ 75ರ ಹತ್ತಿರ ದಾಟಿದರೆ ಉಪ್ಪಿನ ಹರಳು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿ ಹೊತ್ತು ಅಷ್ಟು ತೇವ ವರ್ಷದ ಬಹುಪಾಲು ಇರುತ್ತದೆ. ಹಾಗಾಗಿ ಬೇಸಗೆಯಲ್ಲಿ ಮಳೆ ಹನಿಯೇ ಬೀಳದಿದ್ದರೂ ಉಪ್ಪು ಕೂತ ಗಾಡಿಯ ಅಡಿ ರಾತ್ರಿಯಿಡೀ ಒದ್ದೆ. "ನಮ್ಮ ಗಾಡಿ ಮಳೆಗೆ ನಿಲ್ಲಿಸುವುದೇ ಇಲ್ಲ, ಆದರೂ ತುಕ್ಕು" ಎಂದು ಹೇಳುವವರಿಗೆ ಇದೇ ಉತ್ತರ.

ಗೊಬ್ಬರ ಸಾಗಿಸುವವರು ನಮಗೆ ಮೀನಿನ ನೀರಿನ ತಾಪತ್ರಯ ಇಲ್ಲ ಎಂದು ನೆಮ್ಮದಿಯಿಂದ ಇರಬೇಡಿ. ತೋಟಕ್ಕೆ ಹಾಕುವ ಪೊಟ್ಯಾಷ್, ಚೀಲದಲ್ಲಿ ಮ್ಯೂರಿಯೇಟ್ ಎಂದು ಬರೆದಿರುತ್ತದಲ್ಲ, ಅದು ಕಬ್ಬಿಣದ ಮಟ್ಟಿಗೆ ಅಡುಗೆ ಉಪ್ಪಿನ ಒಡಹುಟ್ಟಿದ್ದು. ಎರಡರಲ್ಲೂ ಇರುವುದು ಅದೇ ಕ್ಲೋರೈಡು. ಚೀಲ ಹರಿದು ಒಂದು ಮುಷ್ಟಿ ಬಾಡಿಯ ಮೂಲೆಯಲ್ಲಿ ಬಿದ್ದರೆ ಸಾಕು. ಅಮೋನಿಯಂ ಸಲ್ಫೇಟು ಒದ್ದೆಯಾದರೆ ಹುಳಿಯಾಗುತ್ತದೆ, ಅದೂ ಕಬ್ಬಿಣ ತಿನ್ನುತ್ತದೆ. ಕೋಳಿಗೊಬ್ಬರ ತರುವವರ ಗಾಡಿಯ ಬಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಇದು ನಮ್ಮ ಊರಿನ ಹಣೆಬರಹ ಮಾತ್ರ ಅಲ್ಲ. ಅಮೆರಿಕದಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲಿ ಎಂದು ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಪಿಕಪ್‌ಗಳ ಅಡಿಗೆ ಹಾರುತ್ತದೆ. ಅಲ್ಲಿ ಟಕೋಮಾ ಮುಂತಾದ ಪಿಕಪ್‌ಗಳ ಚಾಸಿಸ್ ತುಕ್ಕು ಹಿಡಿದ ವಿಷಯ ಕೋರ್ಟಿಗೆ ಹೋಗಿ, ಸುಮಾರು 15 ಲಕ್ಷ ಗಾಡಿಗಳನ್ನು ಪರೀಕ್ಷೆ ಮಾಡಿ, ಹೋಗಿದ್ದರೆ ಚಾಸಿಸ್ಸನ್ನೇ ಬದಲಾಯಿಸಿ ಕೊಡಲು ಟೊಯೋಟಾ ಕಂಪೆನಿ 2016ರಲ್ಲಿ ಒಪ್ಪಿಕೊಂಡಿತು. ನಮಗೆ ಚಾಸಿಸ್ ಬದಲಾಯಿಸಿ ಕೊಡುವವರು ಯಾರೂ ಇಲ್ಲ. ಕಂತು ಕಟ್ಟುವವರು ನಾವೇ, ನೋಡಿಕೊಳ್ಳಬೇಕಾದವರೂ ನಾವೇ.

ಈಗ ನೋಡುವುದು ಹೇಗೆ ಎಂಬ ಮಾತಿಗೆ ಬರುತ್ತೇವೆ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇವೆ, ಕ್ಷಮಿಸಿ.

ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. ಅದಕ್ಕೇ ಅದು ಪೇಂಟನ್ನು ಎತ್ತಿ ಗುಳ್ಳೆ ಮಾಡುವುದು. ಕಲ್ಲು ತಾಗಿ ಪೇಂಟು ಹೋದ ಕಡೆ ಮೇಲಿನಿಂದ ಹಿಡಿದ ತುಕ್ಕು ಬೇರೆ, ಅದು ಕಣ್ಣಿಗೆ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ. ಆದರೆ ಡೋರಿನ ಅಡಿಯಲ್ಲೋ ಫುಟ್‌ಬೋರ್ಡಿನ ಅಂಚಿನಲ್ಲೋ ಪೇಂಟಿನ ಅಡಿಯಿಂದ ಗುಳ್ಳೆ ಎದ್ದಿದ್ದರೆ ಅದು ಹೆಚ್ಚಾಗಿ ಒಳಗಿನಿಂದ ಹೊರಗೆ ಬಂದದ್ದು. ನಿಮಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಗೆದ್ದಲು ಹಿಡಿದ ಪಕ್ಕಾಸಿನ ಹಾಗೆ, ಹೊರಗೆ ಮರ, ಒಳಗೆ ಮಣ್ಣು.

ಹಾಗಾದರೆ ಒಳಗೆ ನೀರು ಹೋಗುವುದು ಹೇಗೆ? ಡೋರಿನ ಗಾಜಿನ ಪಕ್ಕದಲ್ಲಿ ನೀರು ಇಳಿಯುವುದು ಸಹಜ, ಎಲ್ಲಾ ಗಾಡಿಯಲ್ಲೂ ಇಳಿಯುತ್ತದೆ. ಅದು ಹೊರಗೆ ಹೋಗಲಿ ಎಂದು ಡೋರಿನ ಅಡಿಯಲ್ಲಿ ಕಂಪೆನಿಯವರೇ ಸಣ್ಣ ತೂತು ಇಟ್ಟಿರುತ್ತಾರೆ. ಕ್ಯಾಬಿನ್ನಿನ ಅಡಿಯ ಪೆಟ್ಟಿಗೆಯಂಥ ಭಾಗಕ್ಕೂ ಇಟ್ಟಿರುತ್ತಾರೆ. ಧೂಳು, ಕೆಸರು, ತರಗೆಲೆ ಸೇರಿ ಆ ತೂತು ಮುಚ್ಚಿಹೋದರೆ ಡೋರು ಒಂದು ಬಾಲ್ದಿ ಆಯಿತು. ಅದರಲ್ಲಿ ನೀರು ನಿಂತು ಕೊಳೆಯುತ್ತದೆ. ನೀವು ಗಾಡಿ ತಿರುಗಿಸುವಾಗ ಡೋರಿನ ಒಳಗೆ ಗುಳುಗುಳು ಸದ್ದು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ನಮಗೆ ಗೊತ್ತುಂಟು. ಮನೆಯ ಹಿಡಿಸೂಡಿಯಿಂದ ಒಂದು ಗಟ್ಟಿ ಕಡ್ಡಿ ಎಳೆದು ತೆಗೆದು ಆ ತೂತಿಗೆ ಹಾಕಿ ತಿರುಗಿಸಿ. ತಂತಿ ಹಾಕಿದರೆ ಒಳಗಿನ ಪೇಂಟು ಕೆರೆದುಹೋಗುತ್ತದೆ, ಕಡ್ಡಿಯೇ ಒಳ್ಳೆಯದು. ಕೆಲವು ಡೋರಿನಿಂದ ಅರ್ಧ ಚೊಂಬು ಕಪ್ಪು ನೀರು ಬಂದದ್ದನ್ನು ನಾವು ನೋಡಿದ್ದೇವೆ.

ಆಮೇಲೆ ಕ್ಯಾಬಿನ್ನಿನ ಒಳಗಿನ ಮ್ಯಾಟ್ ಎತ್ತಿ ನೋಡಿ. ಚಾಲಕರು ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ, ದಕ್ಕೆಯ ನೀರು ಮೆಟ್ಟಿ ಹತ್ತುತ್ತಾರೆ. ಮ್ಯಾಟಿನ ಅಡಿಯಲ್ಲಿ ಸ್ಪಂಜು, ಸ್ಪಂಜಿನಲ್ಲಿ ಉಪ್ಪುನೀರು. ಗಾಡಿ ತೆಗೆದುಕೊಂಡ ದಿನದಿಂದ ಮ್ಯಾಟು ಎತ್ತದವರು ಇದ್ದಾರೆ. ಮುಂದಿನ ಗಾಜಿನ ಬೀಡಿಂಗ್ ರಬ್ಬರಿನ ಕೆಳಗಿನ ಮೂಲೆ ನೋಡಿ. ಬ್ಯಾಟರಿ ಕೂರುವ ಜಾಗ ನೋಡಿ, ಅಲ್ಲಿ ಆಸಿಡ್ ಬಿದ್ದು ತಗಡು ಹೋಗಿರುತ್ತದೆ. ಚಕ್ರದ ಮೇಲಿನ ಕಮಾನಿನ ಒಳಗೆ, ಎರಡು ತಗಡು ಸೇರುವ ಮಡಿಕೆಯಲ್ಲಿ ಕೈ ಹಾಕಿ ನೋಡಿ. ಅಲ್ಲಿ ಕೆಸರು ಒಣಗಿ ಗಟ್ಟಿಯಾಗಿರುತ್ತದೆ, ಮೇಲೆ ಒಣಗಿದ್ದರೂ ಒಳಗೆ ತೇವ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಲೋಡು ಬಾಡಿ ಚಾಸಿಸ್ಸಿನ ಮೇಲೆ ಕೂರುವ ಜಾಗ. ಅಲ್ಲಿ ಕೆಲವರು ಮರದ ಪಟ್ಟಿ, ಕೆಲವರು ರಬ್ಬರು ಹಾಕಿರುತ್ತಾರೆ. ಸದ್ದು ಬಾರದಿರಲಿ ಎಂದು ಗೋಣಿಚೀಲ ಮಡಚಿ ತುರುಕಿಸಿದ್ದನ್ನೂ ಕಂಡಿದ್ದೇವೆ. ಗೋಣಿಚೀಲ ಒಮ್ಮೆ ಉಪ್ಪುನೀರು ಕುಡಿದರೆ ಆರುವುದೇ ಇಲ್ಲ. ಆ ಸಂದಿಗೆ ಟಾರ್ಚು ಹಾಕಿ ನೋಡಬೇಕು. ಅಲ್ಲಿಂದ ಹಿಂದಕ್ಕೆ ಬಂದರೆ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ಟು, ಯು ಬೋಲ್ಟು. ಅಲ್ಲೇ ಬ್ರೇಕಿನ ಎಣ್ಣೆ ಹೋಗುವ ಸಣ್ಣ ಪೈಪು. ಅದೂ ಹೆಚ್ಚಾಗಿ ಕಬ್ಬಿಣದ್ದೇ. ಅದರ ಮೇಲೆ ತುಕ್ಕಿನ ಹೊಪ್ಪಳೆ ಎದ್ದಿದ್ದರೆ ಉಜ್ಜುವುದಲ್ಲ, ಬಣ್ಣ ಹೊಡೆಯುವುದಲ್ಲ, ಪೈಪೇ ಬದಲಾಯಿಸುವುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅದು ಒಡೆದರೆ ಆಮೇಲೆ ಹೇಳುವುದಕ್ಕೆ ಏನೂ ಇಲ್ಲ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ. ಒಂದು ಟಾರ್ಚು, ಒಂದು ಹಳೆಯ ಸ್ಕ್ರೂಡ್ರೈವರು, ಹಾಳಾದ ರೇಡಿಯೋ ಸ್ಪೀಕರಿನ ಅಯಸ್ಕಾಂತ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಠಣ್ ಎನ್ನುತ್ತದೆ, ಹೋದ ತಗಡು ಬೋದು ಸದ್ದು ಕೊಡುತ್ತದೆ. ಸಂಶಯ ಬಂದಲ್ಲಿ ತುದಿಯಿಂದ ಗಟ್ಟಿಯಾಗಿ ಒತ್ತಿ. ತೂತು ಬಿದ್ದರೆ ಬೇಸರ ಬೇಡ, ಅದು ನೀವು ಮಾಡಿದ ತೂತಲ್ಲ, ಮೊದಲೇ ಇದ್ದದ್ದು. ಅಯಸ್ಕಾಂತಕ್ಕೆ ಒಂದು ತೆಳ್ಳಗಿನ ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ. ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ, ಜಾರುತ್ತದೆ. ಹಳೆಯ ಗಾಡಿ ಕೊಳ್ಳಲು ಹೋಗುವವರು ಇದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೋಗಿ. ಮಾರುವವರಿಗೆ ಸಿಟ್ಟು ಬಂದರೆ ಬರಲಿ. ಹೊಸ ಪೇಂಟಿನ ಹಳೆಯ ಗಾಡಿಗಿಂತ ಹಳೆಯ ಪೇಂಟಿನ ಹಳೆಯ ಗಾಡಿಯೇ ಮೇಲು ಎಂಬುದು ನಮ್ಮ ಅನುಭವ. ಅದರ ಗುಣದೋಷ ಎದುರಿಗೇ ಇರುತ್ತದೆ.

ಇನ್ನು ದುರಸ್ತಿ. ಇಲ್ಲಿ ನಮ್ಮ ಕಸುಬಿನವರ ಮರ್ಯಾದೆ ಸ್ವಲ್ಪ ಹೋಗುವ ಮಾತು ಹೇಳಬೇಕಾಗುತ್ತದೆ. ತುಕ್ಕು ಹಿಡಿದು ತೂತಾದ ಕಡೆ ಕಾಗದವೋ ತಂತಿಬಲೆಯೋ ತುರುಕಿಸಿ, ಮೇಲೆ ಪುಟ್ಟಿ ತುಂಬಿ, ಉಜ್ಜಿ, ಪೇಂಟ್ ಹೊಡೆದು ಕೊಡುವ ಕೆಲಸ ಎಲ್ಲಾ ಕಡೆ ನಡೆಯುತ್ತದೆ. ಮೊದಮೊದಲು ನಾವೂ ಮಾಡಿದ್ದೇವೆ. ಗಿರಾಕಿ ಬಂದು "ಎಫ್.ಸಿ.ಗೆ ಹೋಗಬೇಕು ಮಾರಾಯ್ರೆ, ನಾಡಿದ್ದಿಗೆ ಚಂದ ಕಾಣುವ ಹಾಗೆ ಮಾಡಿಕೊಡಿ, ದುಡ್ಡು ಹೆಚ್ಚಿಲ್ಲ" ಎನ್ನುತ್ತಾರೆ. ನಮಗೂ ಅಂಗಡಿ ಬಾಡಿಗೆ ಕಟ್ಟಬೇಕು. ಆದರೆ ಪುಟ್ಟಿ ನೀರು ಹೀರುತ್ತದೆ, ಅದರ ಹಿಂದೆ ತುಕ್ಕು ಹಾಗೇ ಇರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಹೊಪ್ಪಳೆಯಾಗಿ ಬೀಳುತ್ತದೆ, ತೂತು ಮೊದಲಿಗಿಂತ ದೊಡ್ಡದಾಗಿರುತ್ತದೆ. ಪುಟ್ಟಿ ಇರುವುದು ಒಳ್ಳೆಯ ತಗಡಿನ ಮೇಲಿನ ತಗ್ಗು ಸಮ ಮಾಡುವುದಕ್ಕೆ. ತೂತು ಮುಚ್ಚುವುದಕ್ಕೆ ಅಲ್ಲ.

ಮೇಲು ಮೇಲಿನ ತುಕ್ಕಾದರೆ ನೀವೇ ಮನೆಯಲ್ಲಿ ಮಾಡಬಹುದು. ಮೊದಲು ಸಿಹಿನೀರಿನಲ್ಲಿ ತೊಳೆಯಿರಿ, ಉಪ್ಪು ಇದ್ದರೆ ಮೇಲೆ ಎಂತದು ಹಚ್ಚಿದರೂ ನಿಲ್ಲುವುದಿಲ್ಲ. ಆರಿದ ಮೇಲೆ ತಂತಿ ಬ್ರಷ್ಷಿನಿಂದ, ಆಮೇಲೆ ಉಜ್ಜುವ ಕಾಗದದಿಂದ ಬೆಳ್ಳಗಿನ ಕಬ್ಬಿಣ ಕಾಣುವ ತನಕ ಉಜ್ಜಬೇಕು. ಸುತ್ತಲಿನ ಒಳ್ಳೆಯ ಪೇಂಟನ್ನೂ ಒಂದೆರಡು ಬೆರಳಿನಷ್ಟು ಉಜ್ಜಿ, ಯಾಕೆಂದರೆ ತುಕ್ಕು ಪೇಂಟಿನ ಅಡಿಯಲ್ಲಿ ಹರಿದುಕೊಂಡು ಹೋಗಿರುತ್ತದೆ. ಬ್ರಷ್ಷು ಹೋಗದ ಗುಳಿಗಳಲ್ಲಿ ಉಳಿದದ್ದಕ್ಕೆ ತುಕ್ಕು ಮಾರ್ಪಡಿಸುವ ದ್ರವ ಸಿಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಕೇಳಿ. ಕೆಂಪು ತುಕ್ಕು ಅದು ತಾಗಿದರೆ ಕಪ್ಪಾಗುತ್ತದೆ. ಇದರಲ್ಲಿ ಮಂತ್ರ ಏನೂ ಇಲ್ಲ. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದನ್ನು ನೀವು ನೋಡಿದ್ದೀರಿ. ಅಡಿಕೆಯ ಚೊಗರಿನಲ್ಲಿ ಇರುವ ಟ್ಯಾನಿನ್ ಎಂಬ ವಸ್ತು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು ಅದು. ಅಂಗಡಿಯ ದ್ರವಗಳಲ್ಲಿ ಕೆಲವದರಲ್ಲಿ ಇರುವುದೂ ಟ್ಯಾನಿನ್ನೇ, ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್. ಹಾಗೆಂದು ಮನೆಯ ಚೊಗರು ಹಚ್ಚಿಕೊಂಡು ಬರಬೇಡಿ! ಸಡಿಲ ತುಕ್ಕು ಉಜ್ಜಿ ತೆಗೆಯದೆ ಯಾವ ದ್ರವವೂ ಕೆಲಸ ಮಾಡುವುದಿಲ್ಲ.

ಆಮೇಲೆ ಪ್ರೈಮರ್, ಅದೇ ದಿನ. ನಮ್ಮ ಹವೆಯಲ್ಲಿ ಉಜ್ಜಿದ ಕಬ್ಬಿಣ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ಹೊಡೆಯುತ್ತದೆ. ಪ್ರೈಮರ್ ಹಚ್ಚಿ "ಪೇಂಟು ಮುಂದಿನ ತಿಂಗಳು" ಎಂದು ತಿರುಗಾಡುವವರು ಬಹಳ. ಸಾಮಾನ್ಯ ಪ್ರೈಮರು ನೀರು ಒಳಗೆ ಬಿಡುತ್ತದೆ. ಮೇಲೆ ಪೇಂಟು ಬಿದ್ದರೆ ಮಾತ್ರ ಅದು ಕವಚ. ಸತುವಿನ ಪುಡಿ ಹೆಚ್ಚಿರುವ ಪ್ರೈಮರ್ ಸಿಕ್ಕಿದರೆ ಲೋಡು ಬಾಡಿಯ ಅಡಿಗೆ ಅದನ್ನೇ ಹಾಕಿಸಿ, ಸತುವು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಅದು ಉಜ್ಜಿ ಬೆಳ್ಳಗಾದ ಕಬ್ಬಿಣದ ಮೇಲೆ ಮಾತ್ರ, ತುಕ್ಕಿನ ಮೇಲೆ ಹಚ್ಚಿದರೆ ದುಡ್ಡು ದಂಡ.

ತೂತಾದ ಕಡೆ ಒಂದೇ ದಾರಿ, ಕತ್ತರಿಸುವುದು. ತೂತಿನಷ್ಟೇ ಅಲ್ಲ, ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು. ಬೆರಳು ಹೋಗುವ ತೂತು ಕತ್ತರಿಸಿ ಆಗುವಾಗ ಅಂಗೈ ಅಗಲ ಆಗಿರುತ್ತದೆ, ಗಿರಾಕಿ ನಮ್ಮ ಮುಖ ನೋಡುತ್ತಾರೆ. ಫುಟ್‌ಬೋರ್ಡಿಗೆ 18 ಗೇಜಿನ ತಗಡು ಹಾಕಿಸಿ, ಅಂದರೆ ಸುಮಾರು 1.2 ಮಿಲಿಮೀಟರು. ವೆಲ್ಡಿಂಗ್ ಒಂದೇ ಎಳೆತಕ್ಕೆ ಮಾಡಿದರೆ ತಗಡು ಡೊಂಕಾಗುತ್ತದೆ. ಅಲ್ಲಲ್ಲಿ ಚುಕ್ಕಿ ಇಟ್ಟು, ತಣಿಯಲು ಬಿಟ್ಟು, ಸಂದು ತುಂಬಬೇಕು. ಕರೆಂಟು ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ವಯರು ಬಿಚ್ಚಿಸಿ. ಡೀಸೆಲ್ ಟ್ಯಾಂಕಿನ ಹತ್ತಿರದ ಕೆಲಸವಾದರೆ ಟ್ಯಾಂಕ್ ಇಳಿಸಿಯೇ ಮಾಡಿಸಿ. ಜಿ.ಐ. ತಗಡು ಹಾಕುವುದಾದರೆ ವೆಲ್ಡಿಂಗ್ ಮಾಡುವ ಅಂಚಿನ ಸತುವು ಉಜ್ಜಿ ತೆಗೆಯಬೇಕು, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ, ಅನುಭವಿಸಿ ಹೇಳುವುದು. ಮತ್ತು ಇದನ್ನು ಕೇಳಲು ಮರೆಯಬೇಡಿ: ಪ್ಯಾಚಿನ ಒಳಬದಿಗೆ ಏನು ಹಚ್ಚಿದ್ದೀರಿ ಎಂದು. ವೆಲ್ಡಿಂಗ್ ಬೆಂಕಿಗೆ ಒಳಬದಿಯ ಬಣ್ಣ ಸುಟ್ಟುಹೋಗಿರುತ್ತದೆ. ಹೊರಗೆ ಚಂದ ಮಾಡಿ ಒಳಗೆ ಹಾಗೇ ಬಿಟ್ಟರೆ ಹೊಸ ತಗಡು ಹಳೆಯದಕ್ಕಿಂತ ಬೇಗ ಹೋಗುತ್ತದೆ. ನೀರು ಹೋಗುವ ತೂತಿನ ಮೂಲಕ ಒಳಗೆ ಮೇಣದಂಥ ಎಣ್ಣೆ ಸ್ಪ್ರೇ ಮಾಡಿಸಬೇಕು. ಆ ತೂತನ್ನೇ ವೆಲ್ಡಿಂಗಿನಲ್ಲಿ ಮುಚ್ಚಿಬಿಡುವವರೂ ಇದ್ದಾರೆ, ಅದನ್ನೂ ನೋಡಿಕೊಳ್ಳಿ.

ಚಾಸಿಸ್ಸಿನ ಮಾತು ಬೇರೆ. ಮೇಲಿನ ತುಕ್ಕಾದರೆ ಉಜ್ಜಿ ಬಣ್ಣ ಹೊಡೆಯಬಹುದು. ಪದರ ಎದ್ದಿದ್ದರೆ, ಸ್ಕ್ರೂಡ್ರೈವರ್ ಒಳಗೆ ಹೋದರೆ, ಅದರ ಮೇಲೆ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿಕೊಡಿ ಎಂದು ನಮ್ಮ ಹತ್ತಿರ ಕೇಳಬೇಡಿ. ಸತ್ತ ಕಬ್ಬಿಣಕ್ಕೆ ಹೊಸ ಕಬ್ಬಿಣ ಅಂಟಿಸಿದರೆ ಅದು ಪಕ್ಕದಲ್ಲಿ ಬಿರುಕು ಬಿಡುತ್ತದೆ. ಹೊರೆ ಬೀಳುವ ಜಾಗ ಅದು, ಜನರೂ ಕೂರುತ್ತಾರೆ. ಕೂರಬಾರದು ಎಂದು ಕಾನೂನು ಉಂಟು, ಆದರೂ ಕೂರುತ್ತಾರೆ, ನಮಗೆಲ್ಲ ಗೊತ್ತಿದ್ದದ್ದೇ. ಕಂಪೆನಿಯ ಅಧಿಕೃತ ವರ್ಕ್‌ಶಾಪಿಗೆ ತೋರಿಸಿ. ಅವರು ಆಗುವುದಿಲ್ಲ ಎಂದರೆ ಆ ಗಾಡಿ ಗುಜರಿಗೆ. ಹೀಗೆ ಹೇಳಿ ನಾವು ಎರಡು ಮೂರು ಗಿರಾಕಿಗಳನ್ನು ಕಳೆದುಕೊಂಡಿದ್ದೇವೆ. ಅವರಲ್ಲಿ ಒಬ್ಬರು ಸಂಬಂಧಿಕರು. ಈಗಲೂ ಮದುವೆ ಮನೆಯಲ್ಲಿ ಮಾತಾಡುವುದಿಲ್ಲ.

ತಡೆಯುವುದರಲ್ಲಿ ಅರ್ಧಕ್ಕರ್ಧ ನೀರಿನ ಕೆಲಸ. ಲೋಡು ಇಳಿಸಿದ ದಿನವೇ ಗಾಡಿಯ ಅಡಿ ತೊಳೆಯಬೇಕು, ಮೇಲೆ ತೊಳೆದದ್ದು ಚಂದಕ್ಕೆ, ಅಡಿ ತೊಳೆದದ್ದು ಆಯುಷ್ಯಕ್ಕೆ. ಆದರೆ ಯಾವ ನೀರು? ಇದನ್ನು ನಾವು ತಡವಾಗಿ ಕಲಿತೆವು. ಒಬ್ಬರು ಶಿಸ್ತಿನವರು, ದಿನಾ ಸಂಜೆ ಗಾಡಿಯನ್ನು ಹೊಳೆಗೆ ಇಳಿಸಿ ತೊಳೆಯುತ್ತಿದ್ದರು. ಊರಿನಲ್ಲಿ ಅತಿ ಹೆಚ್ಚು ತುಕ್ಕು ಹಿಡಿದದ್ದು ಅವರ ಗಾಡಿಗೇ. ನಮಗೆ ಅರ್ಥವೇ ಆಗಲಿಲ್ಲ. ಒಮ್ಮೆ ಏಪ್ರಿಲಿನಲ್ಲಿ ಅಲ್ಲಿಯ ನೀರು ನಾಲಗೆಗೆ ಹಚ್ಚಿ ನೋಡಿದರೆ ಉಪ್ಪು. ಬೇಸಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಭರತದ ಹೊತ್ತಿಗೆ ಸಮುದ್ರದ ನೀರು ಒಳಗೆ ಬರುತ್ತದೆ. ಅದು ಗದ್ದೆಗೆ ಬಾರದಿರಲಿ ಎಂದು ಅಣೆಕಟ್ಟು ಕಟ್ಟುತ್ತೇವೆ, ಗಾಡಿಯನ್ನು ಮಾತ್ರ ಅದರಲ್ಲೇ ತೊಳೆಯುತ್ತೇವೆ. ಕಡಲಬದಿಯ ಕೆಲವು ಬಾವಿಗಳೂ ಬೇಸಗೆಯಲ್ಲಿ ಹಾಗೆಯೇ. ನೀವು ಕುಡಿಯದ ನೀರನ್ನು ಗಾಡಿಗೂ ಹಾಕಬೇಡಿ. ಎರಡು ಕೊಡ ಸಿಹಿನೀರು ಸರಿಯಾಗಿ ಸಂದುಗಳಿಗೆ ಹೊಡೆದರೆ ಸಾಕು.

ಮೀನಿನ ನೀರು ಬಾಡಿಯ ಸಂದಿನಿಂದ ಚಾಸಿಸ್ಸಿಗೆ ಬೀಳದ ಹಾಗೆ ತಳದಲ್ಲಿ ಒಂದು ಪೈಪು ಇಟ್ಟು ಕ್ಯಾನಿಗೆ ಬಿಡಿಸಿ. ಇದರಿಂದ ಹಿಂದೆ ಬರುವ ಸ್ಕೂಟರಿನವರ ಬೈಗುಳವೂ ತಪ್ಪುತ್ತದೆ.

ಸುಟ್ಟ ಎಂಜಿನ್ ಆಯಿಲ್ ಅಡಿಗೆ ಬಳಿಯುವ ಪದ್ಧತಿ ಉಂಟು. ಸ್ವಲ್ಪ ದಿನ ಅದು ತುಕ್ಕು ತಡೆಯುತ್ತದೆ, ಸುಳ್ಳಲ್ಲ. ಆದರೆ ಧೂಳು ಅಂಟಿ ಪದರ ಕಟ್ಟುತ್ತದೆ, ರಬ್ಬರು ಬುಷ್ಷುಗಳನ್ನು ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ಮಳೆಗೆ ತೊಳೆದು ನಿಮ್ಮದೇ ಅಂಗಳದ ಬಾವಿಗೆ ಹೋಗುತ್ತದೆ. ನಾವು ಬೇಡ ಎನ್ನುತ್ತೇವೆ. ಅಂಡರ್‌ಕೋಟಿಂಗ್ ಎಂದು ಡಾಂಬರಿನಂಥದ್ದು ಹೊಡೆಯುತ್ತಾರಲ್ಲ, ಹೊಸ ಗಾಡಿಗೆ ಒಳ್ಳೆಯದು. ಹಳೆಯ ಗಾಡಿಗೆ, ಅದೂ ತೊಳೆಯದೆ ಆರಿಸದೆ ಹೊಡೆದರೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಹಾಗೆ. ಅಪಘಾತವಾದ ಆ ಗಾಡಿಯ ಕಪ್ಪು ಬಣ್ಣ ಅಂಥದ್ದೇ.

ಹೋದ ವಾರ ಒಬ್ಬರು ಕೇಳಿದರು, ಬಾಡಿಯ ತಳಕ್ಕೆ ಅಲ್ಯೂಮಿನಿಯಂ ತಗಡು ಹಾಸಿದರೆ ತುಕ್ಕಿನ ಗೊಡವೆಯೇ ಇಲ್ಲವಲ್ಲ ಎಂದು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಕಬ್ಬಿಣದ ಮೇಲೆ ನೇರ ಹಾಸಿ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಮ್ಮೇ ಬಿಳಿ ಹಿಟ್ಟಾಗಿ ತೂತು ಬೀಳುತ್ತದೆ. ಅಡಿಯ ಕಬ್ಬಿಣವೂ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದೆ ಹೋಗುತ್ತದೆ. ಹಾಸುವುದಾದರೆ ಅಡಿಯ ಕಬ್ಬಿಣಕ್ಕೆ ಸರಿಯಾಗಿ ಪೇಂಟ್ ಮಾಡಿಸಿ, ನಡುವೆ ರಬ್ಬರ್ ಪಟ್ಟಿ ಕೊಟ್ಟು, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಬಿಚ್ಚುವ ಮನಸ್ಸಿಲ್ಲದವರು ಹಾಸುವುದೇ ಬೇಡ.

ಇನ್ನು ಕಾಲದ ವಿಷಯ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಆಗ ಮೀನಿನ ಗಾಡಿಗಳಿಗೂ ಕೆಲಸ ಇಲ್ಲ. ಹಾಗಾಗಿ ಎಲ್ಲರೂ ಜೂನಿನಲ್ಲೇ ಗಾಡಿ ತಂದು ನಿಲ್ಲಿಸುತ್ತಾರೆ. ನಮಗೂ ಸಂತೋಷವೇ. ಆದರೆ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ನಮ್ಮ ಕಡೆ ಪೇಂಟಿಂಗಿಗೆ ಅದರಷ್ಟು ಕೆಟ್ಟ ಕಾಲ ಇಲ್ಲ. ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ, ಅದರ ಮೇಲೆ ಪೇಂಟು ಬಿದ್ದರೆ ಗುಳ್ಳೆ. ಮೇ ತಿಂಗಳಲ್ಲಿ ತನ್ನಿ ಎಂದರೆ ದುಡಿಮೆಯ ಸಮಯ, ಯಾರಿಗೆ ಆಗುತ್ತದೆ? ನಮಗೂ ಇದರ ಕಷ್ಟ ಗೊತ್ತು. ಹೀಗೆ ಮಾಡಬಹುದು: ಜೂನಿನಲ್ಲಿ ತೊಳೆದು, ಬಾಡಿಯ ಬೋಲ್ಟು ಬಿಚ್ಚಿ, ಕತ್ತರಿಸುವ, ವೆಲ್ಡಿಂಗಿನ ಕೆಲಸ ಮುಗಿಸಿ, ಶೆಡ್ಡಿನ ಒಳಗೆ ಆರಿಸಿ, ಪ್ರೈಮರಿನ ಮೇಲೆ ಒಂದು ಕೈ ಪೇಂಟು ಹಾಕಿಡುವುದು. ಚಂದದ ಪೇಂಟಿಂಗು ದೀಪಾವಳಿ ಕಳೆದ ಮೇಲೆ, ಎರಡು ದಿನದ ಕೆಲಸ. ರಜೆಯಲ್ಲಿ ಗಾಡಿಯನ್ನು ತೆಂಗಿನ ಬುಡದ ಹುಲ್ಲಿನ ಮೇಲೆ ನಿಲ್ಲಿಸಿ ಟರ್ಪಾಲು ಹೊದೆಸಿ ಬಿಡಬೇಡಿ. ಹುಲ್ಲಿನ ಹಬೆ ಟರ್ಪಾಲಿನ ಒಳಗೆ ಕೂತು ಗಾಡಿ ಬೇಯುತ್ತದೆ. ಕಲ್ಲು ಹಾಸಿದ ಜಾಗ, ಮೇಲೊಂದು ಮಾಡು, ನಾಲ್ಕೂ ಕಡೆ ಗಾಳಿ ಇದ್ದರೆ ಸಾಕು.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಹಳೆಯ ವಾಹನಕ್ಕೆ ಸಾಲ ಕೊಡುವಾಗ ಈಗ ಆರ್.ಸಿ., ಇನ್ಶೂರೆನ್ಸ್, ಎಫ್.ಸಿ. ನೋಡುತ್ತೀರಿ. ಅದರ ಜೊತೆ ಅಡಿಯ ಪರೀಕ್ಷೆಯ ಒಂದು ಹಾಳೆ ಸೇರಿಸಿ. ಚಾಸಿಸ್, ಸ್ಪ್ರಿಂಗ್ ಬ್ರಾಕೆಟ್ಟು, ಬ್ರೇಕ್ ಪೈಪು, ಫುಟ್‌ಬೋರ್ಡು, ಇಷ್ಟರ ಎದುರು ನೋಡಿದವರ ಸಹಿ. ಆ ಸಹಿ ನಮ್ಮದೇ ಆದರೆ, ಅಡಿಗೆ ಮಲಗಿ ನೋಡದೆ ಹಾಕುವುದಿಲ್ಲ ಎಂದು ಈ ಸಭೆಯ ಎದುರು ಹೇಳುತ್ತೇವೆ. ಇದಕ್ಕೆ ನಮಗೆ ಫೀಸು ಬೇಡ.

ಬರುವ ಏಪ್ರಿಲ್ ತಿಂಗಳ ಎಲ್ಲಾ ಭಾನುವಾರ ನಮ್ಮ ಗ್ಯಾರೇಜಿನ ಗುಂಡಿ ಸದಸ್ಯರ ಗಾಡಿಗಳಿಗೆ ಖಾಲಿ ಇಟ್ಟಿರುತ್ತೇವೆ. ಬೆಳಿಗ್ಗೆ ಎಂಟರಿಂದ ಒಂದು ಗಂಟೆ ತನಕ. ನೋಡಿ ಹೇಳುವುದಕ್ಕೆ ದುಡ್ಡಿಲ್ಲ, ದುರಸ್ತಿ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಿ. ಚಾಲಕರನ್ನು ಮಾತ್ರ ಕಳಿಸಬೇಡಿ, ಮಾಲೀಕರೂ ಬನ್ನಿ, ನಿಮ್ಮ ಕೈಯಿಂದಲೇ ಚುಚ್ಚಿಸಿ ತೋರಿಸುತ್ತೇವೆ. ಗಾಡಿ ತೊಳೆದು ತನ್ನಿ. ಹೊಸ ಪೇಂಟ್ ಹೊಡೆದು ಮಾತ್ರ ತರಬೇಡಿ.